ಮೊಬೈಲ್‌ನಲ್ಲಿ ಮಳೆ, ಹೊರಗೆ ಬಿಸಿಲು: ಹವಾಮಾನ ಮುನ್ಸೂಚನೆಯನ್ನು ಯಾವಾಗ ನೋಡಬೇಕು?

ಪ್ರಶ್ನೆ: ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್‌ನಲ್ಲಿ ಹವಾಮಾನ ನೋಡುವುದು ನನ್ನ ಅಭ್ಯಾಸ. 60% ಮಳೆ ಅಂತ ಇದ್ದ ದಿನ ರೈನ್‌ಕೋಟ್ ಹೊತ್ತುಕೊಂಡು ಹೋದರೆ ಒಂದು ಹನಿಯೂ ಬೀಳುವುದಿಲ್ಲ. 30% ಅಂತ ಇದ್ದ ದಿನ ಸಿಲ್ಕ್ ಬೋರ್ಡ್ ಹತ್ತಿರ ತೊಯ್ದು ತೊಪ್ಪೆಯಾಗುತ್ತೇನೆ. ನೋಡುವುದನ್ನೇ ಬಿಟ್ಟುಬಿಡಲಾ?
– ಸ್ಕೂಟರ್ ಸವಾರೆ, ಬೆಂಗಳೂರು

ಉತ್ತರ: ಬಿಡಬೇಡಿ. ನೋಡುವ ಹೊತ್ತನ್ನು ಬದಲಿಸಿ.

60% ಎಂದರೆ ದಿನದ 60 ಭಾಗ ಮಳೆ ಬರುತ್ತದೆ ಅಂತಲ್ಲ, ಜೋರು ಮಳೆ ಅಂತಲೂ ಅಲ್ಲ. ಇಂಥದೇ ಹತ್ತು ದಿನಗಳಲ್ಲಿ ಸುಮಾರು ಆರು ದಿನ ನಿಮ್ಮ ಜಾಗದಲ್ಲಿ ಮಳೆ ಬೀಳುತ್ತದೆ, ನಾಲ್ಕು ದಿನ ಬೀಳುವುದಿಲ್ಲ. ನೀವು ರೈನ್‌ಕೋಟ್ ಸುಮ್ನೆ ಹೊತ್ತದ್ದು ಆ ನಾಲ್ಕರಲ್ಲಿ ಒಂದು ದಿನ, ಅಷ್ಟೇ. 30% ಇದ್ದಾಗ ನೆನೆದದ್ದೂ ಲೆಕ್ಕದ ಒಳಗೇ ಇದೆ. ಇನ್ನೊಂದು ವಿಷಯ. ದಿನದ ಐಕಾನ್ ಇಡೀ ದಿನಕ್ಕೆ ಸೇರಿದ್ದು. ಬೆಳಗಿನ ಜಾವ ಮೂರಕ್ಕೆ ನಾಲ್ಕು ಹನಿ ಬೀಳುವ ಹಾಗಿದ್ದರೂ ಕೆಲವು ಆ್ಯಪ್‌ಗಳು ಆ ದಿನಕ್ಕೆ ಮೋಡ, ಹನಿ ಎರಡನ್ನೂ ಬಿಡಿಸಿಬಿಡುತ್ತವೆ. ಹಾಗಾಗಿ ಗಂಟೆಗಂಟೆಯ ಪಟ್ಟಿಯನ್ನು ತೆರೆದು ನೋಡಿ.

ಬೆಂಗಳೂರಿನ ಏಪ್ರಿಲ್–ಮೇ ಮಳೆ ಹೇಳಿ ಕೇಳಿ ತುಂಟ ಮಳೆ. ಬೆಳಿಗ್ಗೆಯೆಲ್ಲ ನೆಲ ಕಾಯುತ್ತದೆ. ಮಧ್ಯಾಹ್ನದ ಮೇಲೆ ಬಿಸಿಗಾಳಿ ಮೇಲೇರಿ ಗುಡುಗಿನ ಮೋಡ ಕಟ್ಟುತ್ತದೆ. ಒಂದೊಂದು ಮೋಡದ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಜಗತ್ತಿಗೆಲ್ಲ ಮುನ್ಸೂಚನೆ ಕೊಡುವ ದೊಡ್ಡ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಸುಮಾರು ಹತ್ತು ಕಿಲೋಮೀಟರಿನ ಚೌಕಗಳಾಗಿ ನೋಡುತ್ತವೆ. ಈ ಮೋಡ ಆ ಚೌಕದೊಳಗೇ ಹುಟ್ಟಿ ಅಲ್ಲೇ ಮುಗಿದುಹೋಗಬಹುದು. ಜಯನಗರದಲ್ಲಿ ರಸ್ತೆ ಹೊಳೆಯಾಗಿರುವಾಗ ಹೆಬ್ಬಾಳದಲ್ಲಿ ಧೂಳು ಏಳುತ್ತಿರುತ್ತದೆ, ನಿಮಗೇ ಗೊತ್ತಲ್ಲ. 'ಇವತ್ತು ಸಂಜೆ ನಗರದಲ್ಲಿ ಗುಡುಗು ಮಳೆ ಆಗಬಹುದು' ಎಂದು ಬೆಳಿಗ್ಗೆ ಏಳಕ್ಕೆ ಹೇಳಬಹುದು. ಅದು ನಿಮ್ಮ ತಲೆಯ ಮೇಲೇ ಬೀಳುತ್ತದಾ ಎಂದು ಆಗ ಯಾರೂ ಹೇಳಲಾರರು.

ಆದ್ದರಿಂದ ಬೆಳಿಗ್ಗೆ ಒಮ್ಮೆ ನೋಡಿ, ರೈನ್‌ಕೋಟನ್ನು ಸೀಟಿನ ಕೆಳಗೆ ಹಾಕಿಕೊಳ್ಳಬೇಕಾ ಎಂದು ತೀರ್ಮಾನಿಸಲು. ಆಫೀಸಿನಿಂದ ಹೊರಡುವ ಮುಂಚೆ ಇನ್ನೊಮ್ಮೆ ನೋಡಿ, ಹತ್ತು ನಿಮಿಷ ನಿಲ್ಲಬೇಕಾ ಎಂದು ತೀರ್ಮಾನಿಸಲು. ಈ ಎರಡನೇ ಸಲಕ್ಕೆ ಬೆಳಗಿನ ಐಕಾನ್ ಸಾಲದು. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗೆಂದು ಕೊಡುವ ಎಚ್ಚರಿಕೆ ನೋಡಿ, ಉಪಗ್ರಹದ ಇತ್ತೀಚಿನ ಚಿತ್ರ ನೋಡಿ. ಜೊತೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇರಲಿ. ನಿಮ್ಮ ಸುತ್ತ 20, 40 ಕಿಲೋಮೀಟರ್ ಒಳಗೆ ಸಿಡಿಲು ಬಡಿಯುತ್ತಿದ್ದರೆ ಅದು ತೋರಿಸುತ್ತದೆ. ಮಧ್ಯೆ ಹತ್ತು ನಿಮಿಷಕ್ಕೊಮ್ಮೆ ನೋಡುವುದರಿಂದ ಬ್ಯಾಟರಿ ಖಾಲಿಯಾಗುತ್ತದೆಯೇ ಹೊರತು ಹೊಸದೇನೂ ಸಿಗುವುದಿಲ್ಲ. ದೊಡ್ಡ ಮಾದರಿಗಳ ಲೆಕ್ಕ ಹೊಸದಾಗುವುದೇ ಆರು ಗಂಟೆಗೋ ಹನ್ನೆರಡು ಗಂಟೆಗೋ ಒಮ್ಮೆ.

ಪ್ರಶ್ನೆ: ಅಡಿಕೆ ಕೊಯ್ಲಿನ ಸಮಯ. ಮೂರು ಆ್ಯಪ್ ಇಟ್ಟುಕೊಂಡಿದ್ದೇನೆ, ಮೂರೂ ಬೇರೆ ಬೇರೆ ಹೇಳುತ್ತವೆ. ಬೇಯಿಸಿದ ಅಡಿಕೆಗೆ ವಾರವಾದರೂ ಬಿಸಿಲು ಬೇಕು. ಹತ್ತು ದಿನದ ಮುನ್ಸೂಚನೆ ನಂಬಿ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ಬರಹೇಳಬಹುದಾ?
– ಬೆಳೆಗಾರ, ಶಿರಸಿ ತಾಲೂಕು

ಉತ್ತರ: ಹೆಚ್ಚಿನ ಆ್ಯಪ್‌ಗಳು ತಾವೇ ಏನನ್ನೂ ಅಳೆಯುವುದಿಲ್ಲ. ಅಮೆರಿಕದ್ದೋ ಯುರೋಪಿನದ್ದೋ ಮಾದರಿಯ ಲೆಕ್ಕ ತಂದು ತಮ್ಮ ತಮ್ಮ ಬಣ್ಣ ಹಚ್ಚಿ ಕೊಡುತ್ತವೆ. ಅದಕ್ಕೇ ಮಾತು ಬೇರೆ ಬೇರೆ.

ನಿಮ್ಮ ಅನುಕೂಲಕ್ಕೆ ಒಂದು ಸಂಗತಿ ಇದೆ. ನವೆಂಬರ್–ಡಿಸೆಂಬರ್‌ನಲ್ಲಿ ನಿಮ್ಮ ಅಂಗಳ ಕೆಡಿಸುವ ಮಳೆ ಹೆಚ್ಚಾಗಿ ಸಮುದ್ರದಲ್ಲಿ ಎದ್ದ ವಾಯುಭಾರ ಕುಸಿತದ್ದು. ಅದು ನೂರಾರು ಕಿಲೋಮೀಟರ್ ಅಗಲದ್ದು. ಹಾಗಾಗಿ ಮೂರು ನಾಲ್ಕು ದಿನ ಮೊದಲೇ ಸುಳಿವು ಸಿಗುತ್ತದೆ, ಬೆಂಗಳೂರಿನ ಸಂಜೆ ಮಳೆಯ ಹಾಗಲ್ಲ. ಐದು ದಿನದ ಆಚೆಗಿನ ತಾರೀಕಿನ ಐಕಾನ್ ನೋಡಿ ಆಳು ಕರೆಯಬೇಡಿ. ಆ್ಯಪ್ ಬದಲಿಸುವ ಬದಲು ಒಂದೇ ಆ್ಯಪ್ ಇಟ್ಟುಕೊಂಡು, ಅದೇ ವಾರದ ಬಗ್ಗೆ ಮೂರು ದಿನ ಸತತ ಏನು ಹೇಳುತ್ತದೆ ನೋಡಿ. ಮಾತು ಬದಲಾಗದಿದ್ದರೆ ಧೈರ್ಯ ಮಾಡಬಹುದು. ದಿನಾ ಬದಲಾಗುತ್ತಿದ್ದರೆ ಅದಕ್ಕೂ ಖಾತ್ರಿ ಇಲ್ಲ ಅಂತಲೇ ಅರ್ಥ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಹೋಬಳಿ ಹೇಳಿ ಕೇಳುವುದೂ ಒಳ್ಳೆಯದು. ಕನ್ನಡದಲ್ಲೇ ಉತ್ತರ ಸಿಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ರಾತ್ರಿಯೆಲ್ಲ ಫೋನ್ ಕೈಯಲ್ಲೇ. ರೆಡ್ ಅಲರ್ಟ್ ಇದ್ದರೆ ಶಾಲೆಗೆ ರಜೆ ಗ್ಯಾರಂಟಿ ಅಂತ ಮಕ್ಕಳ ವಾದ. ಹೌದಾ?
– ಇಬ್ಬರು ಮಕ್ಕಳ ತಾಯಿ, ಪುತ್ತೂರು

ಉತ್ತರ: ಬಣ್ಣ ಹೇಳುವುದು ಹವಾಮಾನ ಇಲಾಖೆ, ರಜೆ ಕೊಡುವುದು ಜಿಲ್ಲಾಡಳಿತ. ಬಣ್ಣ ಇಡೀ ಜಿಲ್ಲೆಗೆ. ಸುಳ್ಯದಲ್ಲಿ ಸುರಿದದ್ದು ಮೂಡುಬಿದಿರೆಯಲ್ಲಿ ಸುರಿಯಬೇಕೆಂದಿಲ್ಲ.

ಬಣ್ಣದ ಹಿಂದೆ ಇರುವುದು ಎಷ್ಟು ಮಳೆ ಬರಬಹುದೆಂಬ ಅಂದಾಜು. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ 'ಭಾರೀ', 115.6ರಿಂದ 'ಅತಿ ಭಾರೀ', 204.5 ಮುಟ್ಟಿದರೆ 'ಅತ್ಯಂತ ಭಾರೀ' ಮಳೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 64.5 ಮಿಲಿಮೀಟರ್ ಬಿದ್ದರೆ 30x40 ಸೈಟೊಂದರ ಮೇಲೆ ಏಳು ಸಾವಿರ ಲೀಟರಿಗೂ ಜಾಸ್ತಿ. ಈ 24 ಗಂಟೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಹಾಗಾಗಿ ರಾತ್ರಿ ಸುರಿದ ಮಳೆಯೂ ಹಿಂದಿನ ಬೆಳಿಗ್ಗೆ ಶುರುವಾದ ಲೆಕ್ಕಕ್ಕೇ ಸೇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ರಜೆ ಆದೇಶದ ತಾರೀಕನ್ನು ಎರಡು ಸಲ ನೋಡಿ, ವರ್ಷವನ್ನಂತೂ ಖಂಡಿತ. ಹಳೆಯದೇ ಮತ್ತೆ ಸುತ್ತು ಹೊಡೆಯುತ್ತಿರುತ್ತದೆ!

ಪ್ರಶ್ನೆ: ಅಪ್ಪ ಇವತ್ತಿಗೂ ರೋಹಿಣಿ, ಮೃಗಶಿರಾ ಅಂತ ಲೆಕ್ಕ ಹಾಕುತ್ತಾರೆ. ಫೋನ್ ಯಾಕೆ ಬೇಕು ಅನ್ನುತ್ತಾರೆ. ಏನು ಹೇಳಲಿ?
– ಯುವ ರೈತ, ರಾಣೆಬೆನ್ನೂರು

ಉತ್ತರ: ಜಗಳ ಬೇಡ, ಇಬ್ಬರದೂ ಸರಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯಲ್ಲಿ ಸಾಮಾನ್ಯವಾಗಿ ಎಂಥ ಮಳೆ, ಯಾವ ಬೆಳೆ ಎಂಬ ತಲೆಮಾರುಗಳ ಅನುಭವ ಅಪ್ಪನ ಲೆಕ್ಕದಲ್ಲಿದೆ. ಆದರೆ ಈ ವರ್ಷದ ರೋಹಿಣಿ ಏನು ಮಾಡುತ್ತಾಳೆ ಎಂದು ಅದು ಹೇಳುವುದಿಲ್ಲ. ಅದಕ್ಕೆ 'ಮೇಘದೂತ' ಆ್ಯಪ್ ನೋಡಿ. ಜಿಲ್ಲೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ. ಮೊದಲ ಮಳೆಗೇ ಬೀಜ ಹಾಕಿ, ಆಮೇಲೆ ವಾರಗಟ್ಟಲೆ ಮಳೆ ಕೈಕೊಟ್ಟರೆ ಮೊಳಕೆ ಒಣಗುತ್ತದೆ. ಹದ ಬಂದಿದೆಯಾ ಎಂದು ಅಪ್ಪ ಮಣ್ಣು ಹಿಡಿದು ನೋಡಲಿ. ಮುಂದಿನ ಐದು ದಿನ ಮಳೆ ಇದೆಯಾ ಎಂದು ನೀವು ಫೋನ್ ನೋಡಿ ಹೇಳಿ.