ಓದುಗರ ಪ್ರಶ್ನೆ, ನಮ್ಮ ಉತ್ತರ: ಲೆಕ್ಕದ ಮಾತು ಗುಣದ ಮಾತಾದಾಗ

ಪ್ರಶ್ನೆ: ನಾವಿರುವುದು ಮಂಗಳೂರಿನಲ್ಲಿ 18 ಮನೆಗಳಿರುವ ಒಂದು ಅಪಾರ್ಟ್‌ಮೆಂಟಿನಲ್ಲಿ. ಎರಡು ವರ್ಷಗಳಿಂದ ಸಂಘದ ಕಾರ್ಯದರ್ಶಿಯ ಕೆಲಸ ನನ್ನ ಪಾಲಿಗೆ ಬಂದಿದೆ. ಕಳೆದ ಬೇಸಿಗೆಯಲ್ಲಿ ನಳ್ಳಿ ನೀರು ದಿನ ಬಿಟ್ಟು ದಿನ ಬರತೊಡಗಿ, ಬಾವಿಯೂ ತಳ ಕಂಡಾಗ ಟ್ಯಾಂಕರ್ ತರಿಸಿದೆವು. ಖರ್ಚನ್ನು ಎಲ್ಲ ಮನೆಗಳಿಗೂ ಸಮನಾಗಿ ಹಂಚಿದಾಗ ಎರಡನೆಯ ಮಹಡಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು (ಅವರ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ) ಹಣ ಕೊಡಲು ಒಪ್ಪದೆ, ಸಭೆಯಲ್ಲಿ ನನ್ನ ಮೇಲೆ ಏರುದನಿಯಲ್ಲಿ ಮಾತನಾಡಿದರು. ನನಗೂ ತಡೆಯಲಾಗದೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಜೀವಮಾನವಿಡೀ ಬಡ್ಡಿ ಲೆಕ್ಕ ಹಾಕಿದವರ ಬುದ್ಧಿಯೇ ಇಷ್ಟು’ ಎಂದು ಬರೆದೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಲಿಫ್ಟಿನಲ್ಲಿ ಎದುರಾದರೆ ಅವರ ಹೆಂಡತಿ ಗೋಡೆಯ ಕಡೆ ತಿರುಗಿಕೊಳ್ಳುತ್ತಾರೆ. ಒಬ್ಬ ಮನುಷ್ಯನ ನಿಜವಾದ ಗುಣವನ್ನು ತಿಳಿಯುವುದು ಹೇಗೆ? ತಪ್ಪು ಅವರದಾಗಿರುವಾಗ ನಾನೇಕೆ ತಗ್ಗಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿಗೆ ಸಿಗದ ಒಂದು ಮಾತು ಎರಡನೆಯ ಓದಿಗೆ ಸಿಕ್ಕಿತು. ಅದನ್ನು ನೀವು ಕಂಸದೊಳಗೆ ಇಟ್ಟಿದ್ದೀರಿ. ಆ ಮನೆಯಲ್ಲಿರುವವರು ಇಬ್ಬರೇ. ಐವರಿರುವ ಮನೆಯೂ ಇಬ್ಬರಿರುವ ಮನೆಯೂ ಟ್ಯಾಂಕರಿನ ನೀರಿಗೆ ಒಂದೇ ಮೊತ್ತ ಕೊಡಬೇಕೇ ಎಂಬುದು ಕೇಳಬಹುದಾದ ಪ್ರಶ್ನೆಯೇ ಹೌದು. ಮನೆಲೆಕ್ಕ ಸರಿಯೋ ತಲೆಲೆಕ್ಕ ಸರಿಯೋ ಎಂದು ಕುಳಿತು ಮಾತನಾಡಿದ್ದರೆ ಅರ್ಧ ಗಂಟೆಯಲ್ಲಿ ಒಂದು ನಿರ್ಣಯಕ್ಕೆ ಬರಬಹುದಿತ್ತು. ಬಾರದಿದ್ದರೂ ಮುಂದಿನ ಬೇಸಿಗೆಗೆ ಒಂದು ನಿಯಮವಾದರೂ ಉಳಿಯುತ್ತಿತ್ತು. ಅವರು ಆ ಮಾತನ್ನು ಏರುದನಿಯಲ್ಲಿ ಹೇಳಿದ್ದು ಖಂಡಿತ ತಪ್ಪು. ಆದರೆ ಬಡ್ಡಿಯ ಮಾತು ಬಂದ ಕ್ಷಣದಿಂದ ವಿಷಯ ನೀರಾಗಿ ಉಳಿಯಲಿಲ್ಲ. ನೀರಿನ ತಕರಾರಿಗೆ ಪರಿಹಾರವುಂಟು. ‘ನೀವು ಎಂಥವರು’ ಎಂಬ ತಕರಾರಿನಲ್ಲಿ ಎದುರಿನವರು ಏನನ್ನು ತಾನೇ ಬಿಟ್ಟುಕೊಡಬಲ್ಲರು?

ಈ ತಪ್ಪನ್ನು ನಾನೂ ಮಾಡಿದವನೇ ಆದ್ದರಿಂದ ನಿಮಗೆ ಉಪದೇಶಿಸುವ ಸ್ಥಾನದಲ್ಲಿ ನಾನಿಲ್ಲ. ನಮ್ಮ ನೆರೆಮನೆಯವರ ತೆಂಗಿನ ಮರವೊಂದು ನಮ್ಮ ಕಡೆಗೆ ಬಾಗಿತ್ತು. ಒಣಗಿದ ಮಡಲು ನಮ್ಮ ಅಂಗಳಕ್ಕೆ ಬಿದ್ದಾಗಲೆಲ್ಲ, ಅದನ್ನು ಎಳೆದು ಮೂಲೆಗೆ ಹಾಕುತ್ತ, ‘ಉಡಾಫೆಯ ಮನುಷ್ಯ, ಬೇರೆಯವರ ಕಷ್ಟ ಇವರಿಗೆ ಗೊತ್ತಾಗುವುದೇ ಇಲ್ಲ’ ಎಂದು ಮನಸ್ಸಿನಲ್ಲೇ ತೀರ್ಪು ಬರೆದಿಟ್ಟಿದ್ದೆ. ಒಂದು ಜೂನ್ ತಿಂಗಳ ರಾತ್ರಿ ನಮ್ಮ ಹಲಸಿನ ಮರದ ಕೊಂಬೆ ಮುರಿದು ಅವರ ಬಚ್ಚಲುಮನೆಯ ಮಾಡಿನ ಮೇಲೆ ಬಿತ್ತು. ಬೆಳಿಗ್ಗೆ ಅವರು ಒಡೆದ ಹಂಚಿನ ತುಂಡೊಂದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ನನ್ನ ಬಾಯಿಂದ ಬಂದ ಮೊದಲ ಮಾತು: “ಏನು ಗಾಳಿ ಮಾರಾಯ್ರೇ ನಿನ್ನೆ!” ಅವರ ಮರದಿಂದ ಬಿದ್ದರೆ ಅದು ಅವರ ಗುಣ, ನನ್ನ ಮರದಿಂದ ಬಿದ್ದರೆ ಅದು ಗಾಳಿ. ಅವರು “ಹೌದು, ಗಾಳಿ ಜೋರಿತ್ತು” ಎಂದಷ್ಟೇ ಹೇಳಿ, ಹಿತ್ತಲಲ್ಲಿ ಅಟ್ಟಿ ಹಾಕಿದ್ದ ಹಳೆಯ ಹಂಚುಗಳನ್ನು ತರಲು ಹೋದರು. ಆ ಕೊಂಬೆ ಒಣಗಿದೆಯೆಂದು ಮಾರ್ಚ್ ತಿಂಗಳಿನಿಂದಲೇ ನನಗೆ ಗೊತ್ತಿತ್ತು ಎಂಬುದನ್ನು ನಾನು ಅಂದು ಹೇಳಲಿಲ್ಲ.

ಮನಃಶಾಸ್ತ್ರಜ್ಞರು ಇದಕ್ಕೆ ಹೆಸರನ್ನೇ ಇಟ್ಟಿದ್ದಾರೆ. ಇತರರ ನಡತೆಯನ್ನು ವಿವರಿಸುವಾಗ ಅವರ ಸ್ವಭಾವಕ್ಕೆ ಹೆಚ್ಚು ತೂಕ ಕೊಟ್ಟು, ಅವರಿದ್ದ ಪರಿಸ್ಥಿತಿಗೆ ಕಡಿಮೆ ತೂಕ ಕೊಡುವ ಈ ಅಭ್ಯಾಸವನ್ನು ಅಮೆರಿಕದ ಲೀ ರಾಸ್ 1977ರಲ್ಲಿ ಕಾರಣ ಹಚ್ಚುವುದರಲ್ಲಿನ ಮೂಲಭೂತ ದೋಷ ಎಂದು ಕರೆದರು. ನಮ್ಮ ನಡತೆಯ ವಿಷಯ ಬಂದಾಗ ತಕ್ಕಡಿ ಪರಿಸ್ಥಿತಿಯ ಕಡೆಗೆ ವಾಲುತ್ತದೆ, ಏಕೆಂದರೆ ನಮ್ಮ ಪರಿಸ್ಥಿತಿ ನಮಗೆ ಒಳಗಿನಿಂದ ಗೊತ್ತು. ಎದುರಿನವರದು ಕಣ್ಣಿಗೆ ಬೀಳುವುದೇ ಇಲ್ಲ, ಬೀಳುವುದು ಅವರ ಮುಖ ಮಾತ್ರ.

ಆದರೆ ಈ ದೋಷ ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿಲ್ಲ ಎಂದು ತೋರಿಸಿದ ಅಧ್ಯಯನವೊಂದು ನಡೆದದ್ದು ನಮ್ಮ ಮೈಸೂರಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಜೋನ್ ಮಿಲ್ಲರ್ ಎಂಬ ಸಂಶೋಧಕಿ ಮೈಸೂರಿನ ಹಿಂದೂಗಳನ್ನೂ ಶಿಕಾಗೋದ ಅಮೆರಿಕನ್ನರನ್ನೂ, ಪರಿಚಿತರು ಮಾಡಿದ ಒಳ್ಳೆಯ ಮತ್ತು ಕೆಟ್ಟ ಕೆಲಸಗಳಿಗೆ ಕಾರಣವೇನೆಂದು ಕೇಳಿ, 1984ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಂಟು ವರ್ಷದ ಮಕ್ಕಳ ಉತ್ತರಗಳಲ್ಲಿ ಎರಡೂ ಕಡೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ; ಬೆಳೆದಂತೆ ಶಿಕಾಗೋದವರು ಗುಣದ ಕಡೆಗೂ ಮೈಸೂರಿನವರು ಸಂದರ್ಭದ ಕಡೆಗೂ ವಾಲಿದರು. ಅಲ್ಲಿ ಬಂದ ಒಂದು ಪ್ರಸಂಗ ಹೀಗಿದೆ: ವಕೀಲರೊಬ್ಬರ ಮೋಟರ್‌ಸೈಕಲಿನ ಹಿಂದಿನ ಟಯರ್ ಒಡೆದು, ಹಿಂದೆ ಕುಳಿತವರು ಬಿದ್ದು ತಲೆಗೆ ಪೆಟ್ಟಾಗುತ್ತದೆ; ವಕೀಲರು ಅವರನ್ನು ಆಸ್ಪತ್ರೆಗೆ ಮುಟ್ಟಿಸಿ, ಗಾಯ ಎಷ್ಟು ಗಂಭೀರವೆಂದು ವಿಚಾರಿಸದೆ ಕೋರ್ಟಿನ ಕೆಲಸಕ್ಕೆ ಹೋಗುತ್ತಾರೆ; ಗಾಯಾಳು ಕೊನೆಗೆ ತೀರಿಕೊಳ್ಳುತ್ತಾರೆ. ಅಮೆರಿಕದವರಿಗೆ ಇದರಲ್ಲಿ ಕಂಡದ್ದು ಹೊಣೆಗೇಡಿತನ. ನಮ್ಮವರಿಗೆ ಕಂಡದ್ದು ಕಕ್ಷಿಗಾರನಿಗಾಗಿ ಕೋರ್ಟಿನಲ್ಲಿ ಇರಲೇಬೇಕಾದ ವಕೀಲರ ಕರ್ತವ್ಯ, ಆ ಹೊತ್ತಿನ ಗಾಬರಿ, ಗಾಯ ಅಷ್ಟು ದೊಡ್ಡದೆಂದು ತೋರದೆ ಇದ್ದಿರಬಹುದಾದ ಸಾಧ್ಯತೆ. ಇದನ್ನು ಓದಿ ನಾವು ಬೀಗಬೇಕಾಗಿಲ್ಲ. ಆ ಮೈಸೂರಿನಲ್ಲಿ ವಾಟ್ಸ್‌ಆ್ಯಪ್ ಇರಲಿಲ್ಲ. ಎದುರಿನವರ ಮನೆ, ಮಕ್ಕಳು, ಸಾಲ, ಕಾಯಿಲೆ ಎಲ್ಲವೂ ಜಗಲಿಯಲ್ಲೇ ತಿಳಿಯುತ್ತಿತ್ತು. ಅಪಾರ್ಟ್‌ಮೆಂಟಿನ ಮುಚ್ಚಿದ ಬಾಗಿಲುಗಳ ಹಿಂದೆ ಏನಿದೆಯೆಂದು ನಿಮಗೂ ಅವರಿಗೂ ತಿಳಿಯುವ ದಾರಿ ಕಡಿಮೆ.

ಹಾಗಾದರೆ ಯಾರ ಗುಣವನ್ನೂ ಅಳೆಯಲೇಬಾರದೇ ಎಂದು ನೀವು ಕೇಳಬಹುದು. ನಾನು ಅಷ್ಟು ದೂರ ಹೋಗುವವನಲ್ಲ. ಸಾಲ ಕೊಡುವಾಗ, ಸಂಬಂಧ ಬೆಳೆಸುವಾಗ, ಮಗುವನ್ನು ಒಬ್ಬರ ಕೈಯಲ್ಲಿ ಬಿಟ್ಟು ಹೋಗುವಾಗ ಅಳೆಯದೆ ವಿಧಿಯಿಲ್ಲ. ಆದರೆ ಒಂದೇ ಸಂಜೆಯ, ಅದೂ ಹಣದ ವಿಷಯದ ಸಭೆಯ ನಡತೆ ಅಳತೆಗೋಲಾಗುವುದಿಲ್ಲ. 1973ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮನಃಶಾಸ್ತ್ರಜ್ಞರಾದ ಡಾರ್ಲಿ ಮತ್ತು ಬ್ಯಾಟ್ಸನ್ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳುಹಿಸಿ, ದಾರಿಯಲ್ಲಿ ನರಳುತ್ತ ಕುಸಿದು ಕುಳಿತವನೊಬ್ಬನನ್ನು ಇರಿಸಿದರು. ಬೇಕಾದಷ್ಟು ಸಮಯವಿದೆ ಎಂದುಕೊಂಡಿದ್ದವರಲ್ಲಿ ಶೇ. 63ರಷ್ಟು ಮಂದಿ ನೆರವಾದರು. ತಡವಾಯಿತೆಂದು ಅವಸರದಲ್ಲಿದ್ದವರಲ್ಲಿ ಶೇ. 10 ಮಾತ್ರ. ಕೆಲವರು ಮಾಡಬೇಕಾಗಿದ್ದ ಭಾಷಣದ ವಿಷಯವೇ ಬೈಬಲಿನಲ್ಲಿ ಬರುವ, ಬಿದ್ದವನನ್ನು ಎತ್ತಿದ ಸಮಾರ್ಯದವನ ಸಾಮ್ಯಕಥೆಯಾಗಿತ್ತು. ಅದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಅವಸರದಲ್ಲಿ ದಾಟಿಹೋದವರೆಲ್ಲ ಕಲ್ಲೆದೆಯವರೆಂದು ನಾನು ಬರೆಯಲಾರೆ, ನೀವೂ ಬರೆಯಲಾರಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಲ್ಲಿ ಪ್ರಮಾಣಿಸುವುದೆಂದರೆ, ನನ್ನ ಮಟ್ಟಿಗೆ, ಬೇರೆ ಬೇರೆ ಸಂದರ್ಭಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು. ಆ ಹಿರಿಯರು ತಿಂಗಳ ನಿರ್ವಹಣೆಯ ಹಣವನ್ನು ತಡಮಾಡದೆ ಕೊಡುತ್ತಾರೆಯೇ? ಕಾವಲುಗಾರನ ಜೊತೆ ಹೇಗೆ ಮಾತನಾಡುತ್ತಾರೆ? ತಮಗೇನೂ ಲಾಭವಿಲ್ಲದ ಕೆಲಸಕ್ಕೆ ಎಂದಾದರೂ ಕೈ ಜೋಡಿಸಿದ್ದಾರೆಯೇ? ನಿಮ್ಮ ಪತ್ರದಲ್ಲಿ ಇವುಗಳ ಸುದ್ದಿಯೇ ಇಲ್ಲ. ಮೂರರಲ್ಲೂ ಒಂದೇ ಕೆಟ್ಟ ಉತ್ತರ ಬಂದರೆ ಆಗ ನಿಮ್ಮ ತೀರ್ಪಿಗೆ ನಾನೂ ಸಹಿ ಹಾಕುತ್ತೇನೆ. ಬೆದರಿಕೆ ಹಾಕುವವರ, ಕೈ ಮಾಡುವವರ ವಿಷಯದಲ್ಲಿ ಮಾತ್ರ ಸಂದರ್ಭವನ್ನು ಹುಡುಕುತ್ತ ಕೂರಬೇಡಿ. ಅಲ್ಲಿ ಮೊದಲು ದೂರ ಸರಿಯಬೇಕು.

ಇನ್ನು ಭಿನ್ನಾಭಿಪ್ರಾಯವನ್ನು ನಡೆಸುವ ಕ್ರಮ. ನಮ್ಮ ಕರಾವಳಿಯವರಿಗೆ ಇದನ್ನು ಹೊರಗಿನಿಂದ ಕಲಿಸಬೇಕಾಗಿಲ್ಲ, ಯಕ್ಷಗಾನದ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಮಾತಿನಲ್ಲೇ ಹೋರಾಡುತ್ತಾರೆ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುವಾಗ ಸಭೆ ಉಸಿರು ಬಿಗಿಹಿಡಿದು ಕೂರುತ್ತದೆ. ದಿವಂಗತ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಗೆ, ರಾವಣನಿಗೆ ಕೊಟ್ಟ ಅರ್ಥವನ್ನು ಕೇಳಿದ ಹಿರಿಯರು ಇಂದಿಗೂ ಅದನ್ನು ನೆನೆಯುತ್ತಾರೆ. ಸೋಲುವ ಪಾತ್ರದ ನ್ಯಾಯವನ್ನು ಅಷ್ಟು ಪೂರ್ಣವಾಗಿ ಮಂಡಿಸಬಹುದೆಂದು ಅವರು ತೋರಿಸಿದರು. ಎದುರಾಳಿಯ ಪ್ರಶ್ನೆಯನ್ನು ಪೂರ್ತಿ ಕೇಳದೆ, ಅದಕ್ಕೆ ನೇರವಾಗಿ ಉತ್ತರಿಸದೆ ಜಾರಿಕೊಂಡ ಅರ್ಥಧಾರಿಯನ್ನು ಪ್ರೇಕ್ಷಕರು ಮೆಚ್ಚುವುದಿಲ್ಲ. ಪಾತ್ರವನ್ನು ಬಿಟ್ಟು ಎದುರು ಕುಳಿತ ವ್ಯಕ್ತಿಯನ್ನೇ ಚುಚ್ಚಿದರೆ ಅದು ಎಲ್ಲೆ ಮೀರಿದ ಮಾತೆಂದು ಸಭೆಗೆ ಕೂಡಲೇ ಗೊತ್ತಾಗುತ್ತದೆ. ಇಂದು ವಾಲಿಯಾದವರು ನಾಳೆ ರಾಮನಾಗಬೇಕಾಗುವುದರಿಂದ ಇಬ್ಬರ ವಾದವೂ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನೀವು ಒಂದು ಸಂಜೆ ಆ ನಿವೃತ್ತರ ಪಕ್ಷವನ್ನು ನಿಮ್ಮ ಮನೆಯವರ ಮುಂದೆ ಐದು ನಿಮಿಷ ವಾದಿಸಿ ನೋಡಿ. ಅವರೇ ಕೇಳಿದರೆ ‘ಹೌದು, ನಾನು ಹೇಳಬೇಕೆಂದಿದ್ದುದು ಇದೇ’ ಎನ್ನುವಂತಿರಬೇಕು. ಅದು ಸಾಧ್ಯವಾಗದಿದ್ದರೆ ಅವರು ಹೇಳಿದ್ದು ನಿಮಗೆ ಇನ್ನೂ ಕೇಳಿಸಿಲ್ಲ ಎಂದೇ ಅರ್ಥ.

ತಗ್ಗಬೇಕೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ಹಣದ ಲೆಕ್ಕದಲ್ಲಿ ನೀವು ತಗ್ಗಬೇಕಾಗಿಲ್ಲ. ಬಡ್ಡಿಯ ಮಾತನ್ನು ಮಾತ್ರ ಹಿಂದಕ್ಕೆ ಪಡೆಯಬೇಕು. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ಕ್ಷಮೆ ಎಂಬುದು ನಿಮಗೆ ಸೋಲಾಗಿ ಕಾಣುತ್ತಿದೆ. ಮೊದಲು ಅವರ ಮನೆಗೆ ನೀವೊಬ್ಬರೇ ಹೋಗಿ. ಸಮಿತಿಯ ಇನ್ನಿಬ್ಬರನ್ನು ಕರೆದುಕೊಂಡು ಹೋದರೆ ಅದು ವಸೂಲಿಯಂತೆ ಕಾಣುತ್ತದೆ. “ಸರ್, ಟ್ಯಾಂಕರಿನ ಲೆಕ್ಕದ ವಿಷಯ ಆಮೇಲೆ ಮಾತನಾಡುವ. ನಿಮ್ಮ ಉದ್ಯೋಗವನ್ನು ಎತ್ತಿ ನಾನು ಬರೆದದ್ದು ತಪ್ಪು, ಅದನ್ನು ಹೇಳಲಿಕ್ಕೆ ಬಂದೆ” ಎಂದಷ್ಟು ಸಾಕು. ‘ನೀವು ಕೂಗಿದ್ದಕ್ಕೆ ನಾನು ಬರೆದೆ’ ಎಂದು ಸೇರಿಸಬೇಡಿ. ಸೇರಿಸಬೇಕೆಂಬ ಆಸೆ ಬಹಳವಾಗುತ್ತದೆ, ನನಗೆ ಗೊತ್ತು. ಮಾತು ಗುಂಪಿನಲ್ಲಿ ಆಡಿದ್ದಾದ್ದರಿಂದ, ಹಿಂದೆ ಪಡೆದದ್ದನ್ನು ಗುಂಪಿನಲ್ಲಿಯೂ ಒಂದು ಸಾಲು ಬರೆಯಿರಿ. ಮುಂದಿನ ಮಾರ್ಚ್ ತಿಂಗಳೊಳಗೆ, ಅಂದರೆ ನೀರು ಕಡಿಮೆಯಾಗುವ ಮೊದಲೇ, ಹಂಚಿಕೆಯ ಕ್ರಮವನ್ನು ಸಭೆಯಲ್ಲಿಟ್ಟು, ತಲೆಲೆಕ್ಕದ ಒಂದು ಪಟ್ಟಿಯನ್ನು ತಯಾರಿಸಿಕೊಡಲು ಅವರನ್ನೇ ಕೇಳಿದರೆ ಇನ್ನೂ ಒಳ್ಳೆಯದು. ಲೆಕ್ಕ ಅವರಿಗೆ ಬರುತ್ತದೆ, ಅದನ್ನು ನೀವೇ ಗುಂಪಿನಲ್ಲಿ ಬರೆದಿದ್ದೀರಿ.

ಪ್ರಶ್ನೆ: ಉಡುಪಿಯಲ್ಲಿ ನನ್ನ ತಂದೆಯವರಿಗೆ ನಲವತ್ತು ವರ್ಷಗಳಿಂದ ಬಟ್ಟೆಯಂಗಡಿಯಿದೆ. ಮುಖ ನೋಡಿದ ಕೂಡಲೇ ಮನುಷ್ಯ ಎಂಥವನೆಂದು ಹೇಳಬಲ್ಲೆ ಎನ್ನುತ್ತಾರೆ. ಕೆಲಸ ಕೇಳಿಕೊಂಡು ಬಂದ ಒಬ್ಬ ಹುಡುಗನನ್ನು ‘ಕಣ್ಣು ಸರಿಯಿಲ್ಲ’ ಎಂದು ಕಳುಹಿಸಿಬಿಟ್ಟರು. ಅನುಭವಸ್ಥರ ಈ ಅಂದಾಜನ್ನು ನಂಬಬಹುದೇ?

ಉತ್ತರ: ಕೂಡಲೇ ಹೇಳಬಲ್ಲರು ಎಂಬುದು ನಿಜ, ಸರಿಯಾಗಿ ಹೇಳಬಲ್ಲರೇ ಎಂಬುದು ಬೇರೆ ಮಾತು. 2006ರಲ್ಲಿ ವಿಲ್ಲಿಸ್ ಮತ್ತು ಟೊಡೊರೊವ್ ಎಂಬ ಮನಃಶಾಸ್ತ್ರ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ನೋಡಿದವರು ಅದು ನಂಬಿಕೆಗೆ ಯೋಗ್ಯವೋ ಅಲ್ಲವೋ ಎಂದು ಕೊಟ್ಟ ತೀರ್ಪು, ಬೇಕಾದಷ್ಟು ಹೊತ್ತು ನೋಡಿದವರ ತೀರ್ಪಿಗೆ ಬಹಳ ಹತ್ತಿರವಿತ್ತು. ಹೆಚ್ಚು ಹೊತ್ತು ನೋಡಿದಾಗ ಮುಖ್ಯವಾಗಿ ಹೆಚ್ಚಿದ್ದು ತಮ್ಮ ತೀರ್ಪಿನ ಮೇಲಿನ ಭರವಸೆ. ಆ ಮುಖದವರು ನಿಜವಾಗಿ ನಂಬಿಕಸ್ಥರೇ ಎಂಬುದನ್ನು ಆ ಪ್ರಯೋಗ ಪರೀಕ್ಷಿಸಿರಲಿಲ್ಲ. ನಿಮ್ಮ ತಂದೆಯವರ ಲೆಕ್ಕದಲ್ಲಿ ಇನ್ನೊಂದು ತೊಡಕೂ ಇದೆ. ಒಳಗೆ ಸೇರಿಸಿಕೊಂಡವರು ಒಳ್ಳೆಯವರಾದರೆ ಅದು ಅವರ ಕಣ್ಣಿನ ಹೆಚ್ಚುಗಾರಿಕೆಯೆಂದು ದಾಖಲಾಗುತ್ತದೆ. ಹೊರಗೆ ಕಳುಹಿಸಿದವರು ಬೇರೆ ಅಂಗಡಿಯಲ್ಲಿ ಹತ್ತು ವರ್ಷ ನಿಯತ್ತಿನಿಂದ ದುಡಿದರೂ ಆ ಸುದ್ದಿ ಇವರ ಗಲ್ಲಾಪೆಟ್ಟಿಗೆಯವರೆಗೆ ಬರುವುದಿಲ್ಲ. ತಂದೆಯವರೊಡನೆ ವಾದಕ್ಕಿಳಿಯುವುದಕ್ಕಿಂತ, ಮುಂದಿನ ಸಲ ಬಂದವನನ್ನು ಹದಿನೈದು ದಿನ ಸಂಬಳ ಕೊಟ್ಟು ಇಟ್ಟುಕೊಂಡು ನೋಡುವ ಎಂದು ಕೇಳಿಕೊಳ್ಳಿ.

ಪ್ರಶ್ನೆ: ತೋಟದ ದಾರಿಯ ವಿಷಯದಲ್ಲಿ ನನಗೂ ತಮ್ಮನಿಗೂ ಆರು ವರ್ಷಗಳಿಂದ ವ್ಯಾಜ್ಯವಿದೆ. ಮಧ್ಯಸ್ಥಿಕೆಗೆ ಹೋಗಿ ಎಂದು ವಕೀಲರು ಹೇಳುತ್ತಾರೆ. ಸುಳ್ಳು ಹೇಳುವವನೊಡನೆ ರಾಜಿ ಹೇಗೆ?

ಉತ್ತರ: ಮಧ್ಯಸ್ಥಿಕೆಯಲ್ಲಿ ನಿಮ್ಮ ತಮ್ಮನ ಪ್ರಾಮಾಣಿಕತೆಯ ಬಗ್ಗೆ ಯಾರೂ ತೀರ್ಪು ಕೊಡುವುದಿಲ್ಲ, ನಿಮ್ಮ ಪ್ರಾಮಾಣಿಕತೆಯ ಬಗ್ಗೆಯೂ ಕೊಡುವುದಿಲ್ಲ. ನಿಮಗೆ ಅದು ಕೊರತೆಯಾಗಿ ಕಾಣುತ್ತಿದೆ, ನನಗೆ ಅನುಕೂಲವಾಗಿ ಕಾಣುತ್ತದೆ. ನ್ಯಾಯಾಲಯದಲ್ಲಿರುವ ವ್ಯಾಜ್ಯವನ್ನು ಹೀಗೆ ಕಳುಹಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮಿನಲ್ಲಿ ಅವಕಾಶವಿದೆ. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾನೂನೂ ಬಂದಿದೆ. ಅಲ್ಲಿ ಆಡಿದ ಮಾತು ಗೋಪ್ಯವಾಗಿರುವುದರಿಂದ, ರಾಜಿಯಾಗದಿದ್ದರೂ ಅದನ್ನು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಎತ್ತುವ ಹಾಗಿಲ್ಲ. ಲೋಕ ಅದಾಲತ್ತಿನಲ್ಲಿ ಮುಗಿದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ಅದೇ ಅಂತಿಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ಹಿಂದಕ್ಕೆ ಬರುತ್ತದೆ. ದಾರಿ ಎಷ್ಟು ಅಡಿ ಅಗಲವಿರಬೇಕು, ಅಡಿಕೆ ಕೊಯ್ಲಿನ ಸಮಯದಲ್ಲಿ ಪಿಕಪ್ ಹೋಗಬಹುದೇ, ಗೇಟಿನ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಮೂರು ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಆರ್‌ಟಿಸಿ ಮತ್ತು ನಕ್ಷೆಯ ಪ್ರತಿಗಳನ್ನು ಜೊತೆಗಿಟ್ಟುಕೊಂಡು ಹೋಗಿ.