ರಾಜೀನಾಮೆ ಪತ್ರ ಮತ್ತು 212 ಪುಟ

ಈ ಪ್ರಕರಣವನ್ನು ಬರೆಯಲು ದಂಪತಿಗಳಿಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಪತಿಗೆ 37 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಪತ್ನಿ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ಏಳು ವರ್ಷದ ಮಗಳಿದ್ದಾಳೆ. ಮನೆ ಸಾಲ ತೀರಲು ಇನ್ನೂ 14 ವರ್ಷ ಬಾಕಿಯಿದೆ. ಆಪ್ತಸಮಾಲೋಚನೆಗೆಂದು ನನ್ನಲ್ಲಿ ಸಮಯ ಕೇಳಿದ್ದು ಪತ್ನಿ. ಮಗಳ ಶಾಲಾ ಶುಲ್ಕದ ರಸೀದಿಗಾಗಿ ಪತಿಯ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಿದ್ದಾಗ, ಎರಡು ತಿಂಗಳ ಹಿಂದೆಯೇ ಬರೆದು ಕಳುಹಿಸದೆ ಇಟ್ಟಿದ್ದ ರಾಜೀನಾಮೆಯ ಮೇಲ್ ಆಕೆಯ ಕಣ್ಣಿಗೆ ಬಿದ್ದಿತ್ತು. “ಬೇರೆ ಹೆಣ್ಣಿನ ವಿಷಯವಾಗಿದ್ದರೆ ಜಗಳವಾದರೂ ಆಡಬಹುದಿತ್ತು ಮೇಡಂ. ಇವರು ಕಾದಂಬರಿಗೋಸ್ಕರ ಕೆಲಸ ಬಿಡ್ತಾರಂತೆ. ಯಾರ ಜೊತೆ ಜಗಳ ಆಡಲಿ?” ಎಂದರು.

ಪತಿ ಪ್ಲಾಸ್ಟಿಕ್ ಫೈಲಿನಲ್ಲಿ 212 ಪುಟಗಳ ಹಸ್ತಪ್ರತಿಯನ್ನು ತಂದಿದ್ದರು. ಕನ್ನಡದಲ್ಲಿ ಬರೆದ ವೈಜ್ಞಾನಿಕ ಕಾದಂಬರಿ, ಮುಕ್ಕಾಲು ಪಾಲು ಮುಗಿದಿತ್ತು. ಆದರೆ ಅವರು ಮೊದಲು ನನ್ನ ಮುಂದೆ ಹಿಡಿದದ್ದು ಫೈಲನ್ನಲ್ಲ, ಮೊಬೈಲನ್ನು. ಅಮೆರಿಕದ ವೈಜ್ಞಾನಿಕ ಕಾದಂಬರಿಕಾರರು ಒಬ್ಬೊಬ್ಬರಿಗೂ ಎಷ್ಟು ಕೋಟಿ ಆಸ್ತಿಯಿದೆ ಎಂದು ತೋರಿಸುವ ಸ್ಕ್ರೀನ್‌ಶಾಟ್‌ಗಳನ್ನು ಪ್ರತ್ಯೇಕವಾಗಿ ಜೋಡಿಸಿಟ್ಟಿದ್ದರು. ಇಂಥ ಅಂಕಿಗಳನ್ನು ಯಾರು, ಯಾವ ಲೆಕ್ಕದ ಮೇಲೆ ಹಾಕುತ್ತಾರೆಂಬುದು ಆ ಪುಟಗಳಲ್ಲಿ ಎಲ್ಲಿಯೂ ಇರುವುದಿಲ್ಲ. ಆದರೂ ಪಟ್ಟಿಯ ಮೇಲೆ ಬೆರಳಾಡಿಸುವಾಗ ಅವರ ದನಿಗೆ ಬರುತ್ತಿದ್ದ ಧೈರ್ಯವನ್ನು ನಾನು ಗಮನಿಸಿದೆ.

ಅವರ ಮುಖ್ಯ ಆಧಾರ ಆಂಡಿ ವಿಯರ್. ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದ ಗಗನಯಾತ್ರಿಯ ಕಥೆಯನ್ನು ಸ್ವಂತ ಜಾಲತಾಣದಲ್ಲಿ ಬಿಟ್ಟಿಯಾಗಿ ಹಾಕಿದವನು, ಓದುಗರು ಕೇಳಿದರೆಂದು 2011ರಲ್ಲಿ ಅದನ್ನು ಅಮೆಜಾನ್‌ನ ಇ-ಪುಸ್ತಕ ಮಳಿಗೆ ಕಿಂಡಲ್‌ಗೆ ಏರಿಸಿ 99 ಸೆಂಟ್ ಬೆಲೆಯಿಟ್ಟವನು, ಮೂರು ತಿಂಗಳಲ್ಲಿ 35,000 ಪ್ರತಿ ಖರ್ಚಾಗುವುದನ್ನು ಕಂಡವನು. 2013ರಲ್ಲಿ ದೊಡ್ಡ ಪ್ರಕಾಶಕರೂ ಚಿತ್ರ ಸಂಸ್ಥೆಯೂ ಕೆಲವೇ ದಿನಗಳ ಅಂತರದಲ್ಲಿ ಅವನೊಡನೆ ಒಪ್ಪಂದ ಮಾಡಿಕೊಂಡವು, 2015ರಲ್ಲಿ ಚಿತ್ರವೂ ಬಂತು. ಇಷ್ಟನ್ನೂ ಪತಿ ತಡವರಿಸದೆ ಹೇಳಿದರು. ಅವರು ದಾಟಿಸಿ ಹೋದ ಭಾಗವೊಂದಿತ್ತು, ಅದನ್ನು ನಾನೇ ಸೇರಿಸಬೇಕಾಯಿತು. ವಿಯರ್ 1999ರಲ್ಲಿ ಎಒಎಲ್ ಎಂಬ ಇಂಟರ್ನೆಟ್ ಕಂಪನಿಯ ಕೆಲಸ ಕಳೆದುಕೊಂಡಾಗ ಷೇರು ಮಾರಿ ಬಂದ ಹಣದ ಬಲದಿಂದ ಮೂರು ವರ್ಷ ಬೇರೆ ಕೆಲಸಕ್ಕೆ ಹೋಗದೆ ಬರೆದ. ಹಾಗೆ ಬರೆದ ಕಾದಂಬರಿಯನ್ನು ಯಾವ ಏಜೆಂಟನೂ ಯಾವ ಪ್ರಕಾಶಕನೂ ಮುಟ್ಟಲಿಲ್ಲ, ಅವನು ಪ್ರೋಗ್ರಾಮಿಂಗ್‌ಗೇ ಮರಳಿದ. ಹೆಸರು ತಂದ ಕಾದಂಬರಿ ಹುಟ್ಟಿದ್ದು ಆಮೇಲೆ, ನೌಕರಿಯಲ್ಲಿದ್ದುಕೊಂಡೇ, ಒಂದೊಂದೇ ಅಧ್ಯಾಯವಾಗಿ. ನಡುವೆ ರಸಾಯನಶಾಸ್ತ್ರದ ತಪ್ಪುಗಳನ್ನು ಓದುಗರು ತಿದ್ದಿದರು. ಇದನ್ನು ಹೇಳಿದಾಗ ಪತಿ, “ಅದು ಗೊತ್ತು ಮೇಡಂ” ಎಂದು ಮೊಬೈಲನ್ನು ಮಗುಚಿಟ್ಟರು.

“ಹಣವೇ ಬರದೆ ಹೋದವರೂ ಇರಬೇಕಲ್ಲ?” ಎಂದು ಪತ್ನಿ ಕೇಳಿದರು. ಇದ್ದಾರೆ. ಫಿಲಿಪ್ ಕೆ. ಡಿಕ್ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದೂ ಬಹುಕಾಲ ಕೈಸಾಲದಲ್ಲೇ ಬದುಕಿದ; ಅವನ ಕಥೆಯಾಧಾರಿತ ಮೊದಲ ದೊಡ್ಡ ಚಿತ್ರ ತೆರೆ ಕಂಡದ್ದು 1982ರಲ್ಲಿ, ಅವನು ತೀರಿಕೊಂಡ ಕೆಲವೇ ತಿಂಗಳಿಗೆ. ಆದರೆ ನನಗೆ ಹೆಚ್ಚು ಹತ್ತಿರದವಳು ಆಕ್ಟೇವಿಯಾ ಬಟ್ಲರ್. 1947ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಹುಟ್ಟಿದ ಕಪ್ಪು ಹುಡುಗಿ, ತಾಯಿ ಮನೆಗೆಲಸದವಳು. ಪಾತ್ರೆ ತೊಳೆಯುವುದು, ಕಾರ್ಖಾನೆಯಲ್ಲಿ ಆಲೂ ಚಿಪ್ಸ್ ಆರಿಸುವುದು, ಇಂಥ ಕೂಲಿಗಳ ನಡುವೆ ರಾತ್ರಿ ಎರಡಕ್ಕೆ ಎದ್ದು ಬರೆದಳು. ಮೊದಲ ಕಾದಂಬರಿ 1976ರಲ್ಲಿ ಬಂತು. 1995ರಲ್ಲಿ ಅಮೆರಿಕದಲ್ಲಿ ಪ್ರತಿಭಾವಂತರಿಗೆ ಕೊಡುವ ಮ್ಯಾಕ್‌ಆರ್ಥರ್ ಫೆಲೋಶಿಪ್‌ನ 2,95,000 ಡಾಲರ್ ದೊರೆತಾಗ ಆಕೆಗೆ 48ರ ಹತ್ತಿರ. 2006ರಲ್ಲಿ ತೀರಿಕೊಂಡಳು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಚ್ಚು ಮಾರಾಟದ ಪಟ್ಟಿಯಲ್ಲಿ ಆಕೆಯ ಕಾದಂಬರಿ ಕಾಣಿಸಿಕೊಂಡದ್ದು 2020ರಲ್ಲಿ.

ಕನ್ನಡದ ಲೆಕ್ಕವನ್ನೂ ಹಾಕಿ ತೋರಿಸಿದೆ. ಪುಸ್ತಕದ ಬೆಲೆ 250 ರೂಪಾಯಿ, ಲೇಖಕನಿಗೆ ನೂರಕ್ಕೆ ಹತ್ತರ ಗೌರವಧನ, ಸಾವಿರ ಪ್ರತಿಯ ಮೊದಲ ಮುದ್ರಣ ಪೂರ್ತಿ ಖರ್ಚಾಯಿತೆಂದೇ ಇಟ್ಟುಕೊಂಡರೆ 25,000 ರೂಪಾಯಿ. ಅವರ ಮನೆ ಸಾಲದ ತಿಂಗಳ ಕಂತು 38,000. ಅಲ್ಲಿಗೆ ಮಾತು ಮುಗಿಯುತ್ತದೆಂದು ನಾನು ಎಣಿಸಿದ್ದೆ. ಅದು ನನ್ನ ತಪ್ಪು ಎಣಿಕೆ. “ನೀವು ಹಾಕೋದಕ್ಕಿಂತ ಮೊದಲೇ ಆ ಲೆಕ್ಕ ನಾನು ಹಾಕಿದ್ದೆ ಮೇಡಂ,” ಎಂದರು ಪತಿ. ಲೆಕ್ಕ ತಿಳಿದಿದ್ದೂ ಒಬ್ಬ ಮನುಷ್ಯ ಸ್ಕ್ರೀನ್‌ಶಾಟ್ ಕೂಡಿಡುತ್ತಾನೆಂದರೆ ಅವನು ಹುಡುಕುತ್ತಿರುವುದು ಹಣವಲ್ಲ.

ಮುಂದಿನ ಭೇಟಿಯಲ್ಲಿ ಅವರೊಬ್ಬರನ್ನೇ ಕೂರಿಸಿಕೊಂಡೆ. ಎರಡು ಸಲ ಬಡ್ತಿ ತಪ್ಪಿತ್ತು; ತಮಗಿಂತ ಎಂಟು ವರ್ಷ ಚಿಕ್ಕವರಾದ ಮ್ಯಾನೇಜರ್ ಸಭೆಯಲ್ಲಿ ಎಲ್ಲರೆದುರು ಆಡಿದ ಮಾತೊಂದನ್ನು ಅಕ್ಷರಶಃ ನೆನಪಿಟ್ಟಿದ್ದರು. ಕಾದಂಬರಿ ನಿಜವಾಗಿ ಅವರದೇ, ಅದರಲ್ಲಿ ಅನುಮಾನವಿರಲಿಲ್ಲ. ಆ ಕೋಟಿಗಳು ಮಾತ್ರ ಮ್ಯಾನೇಜರಿಗೆ ಕೊಡಬೇಕೆಂದುಕೊಂಡ ಉತ್ತರವಾಗಿದ್ದವು.

ಗಂಡಹೆಂಡಿರಿಬ್ಬರಿಗೂ ನಾಲ್ಕು ವಾರ ಸಮಯದ ಲೆಕ್ಕ ಬರೆದಿಡಲು ಹೇಳಿದೆ. ಪತಿಯ ಹಾಳೆಯಲ್ಲಿ ಬರವಣಿಗೆಗೆ 19 ಗಂಟೆ, ಬರಹಗಾರರ ಸಂದರ್ಶನ, ಸಂಪಾದನೆ, ಆಸ್ತಿಯ ಕುರಿತು ಓದಿದ್ದಕ್ಕೆ 31 ಗಂಟೆ. ಪತ್ನಿಯ ಹಾಳೆಯಲ್ಲಿ ಗಂಡ ಬರೆಯುತ್ತಿದ್ದ ಬೆಳಗಿನ ಹೊತ್ತಿನದೇ ವಿವರ: 5.10ಕ್ಕೆ ಹಾಲು, 5.30ಕ್ಕೆ ಕುಕ್ಕರ್, 6ಕ್ಕೆ ಮಗಳನ್ನು ಎಬ್ಬಿಸಿದ್ದು, 6.20ಕ್ಕೆ ಡಬ್ಬಿ, 6.30ಕ್ಕೆ ಜಡೆ, ಅದರ ಕೆಳಗೆ ಪೆನ್ಸಿಲಿನಲ್ಲಿ “ಬಸ್ ತಪ್ಪಿತು”. ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಪತಿ ಹೆಂಡತಿಯ ಹಾಳೆಯನ್ನು ಎರಡು ಸಲ ಓದಿದರು. “ಇವರು ಕೋಟಿ ತರದಿದ್ದರೂ ಪರವಾಗಿಲ್ಲ ಮೇಡಂ, ಮಗಳಿಗೆ ಜಡೆ ಹಾಕಲಿ ಸಾಕು,” ಎಂದರು ಪತ್ನಿ. ಮೊದಲ ಭೇಟಿಯುದ್ದಕ್ಕೂ ನಾವು ಮೂವರೂ ದುಡ್ಡಿನ ಮಾತನ್ನೇ ಆಡಿದ್ದೆವು; ಮನೆಯಲ್ಲಿ ಕೊರತೆಯಾಗಿದ್ದದ್ದು ಬೆಳಗಿನ ಒಂದೂವರೆ ಗಂಟೆಯಷ್ಟು ಹೊತ್ತು. ರಾತ್ರಿ ಎರಡಕ್ಕೆ ಏಳುತ್ತಿದ್ದ ಬಟ್ಲರ್ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಆಕೆಯ ಬರವಣಿಗೆಯ ಹೊತ್ತಿಗೆ ಇನ್ನೊಬ್ಬರು ಕುಕ್ಕರ್ ಇಡಬೇಕಾಗಿರಲಿಲ್ಲ. ಸಾಧಕರ ದಿನಚರಿಯನ್ನು ಆದರ್ಶವೆಂದು ಹೇಳುವ ನಾವು ಇದನ್ನು ಸಾಮಾನ್ಯವಾಗಿ ಮರೆಯುತ್ತೇವೆ, ಮೊದಲ ದಿನ ನಾನೂ ಮರೆತಿದ್ದೆ.

ನಾನು ಕೊಟ್ಟ ಸಲಹೆ ಇದು. ರಾಜೀನಾಮೆಯ ಮಾತು ಒಂದು ವರ್ಷ ಬೇಡ. ಆಮೇಲೂ ಹಂಬಲ ಹಾಗೆಯೇ ಇದ್ದರೆ, ಕರಡು ಪೂರ್ತಿಯಾಗಿ, ಕಂತೂ ಸೇರಿದಂತೆ ಹನ್ನೆರಡು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಕೂಡಿದ ಮೇಲೆ, ಮೊದಲು ಸಂಬಳರಹಿತ ರಜೆ ಕೇಳಬಹುದು. ಮೇಲ್ ಅಳಿಸಬೇಕಿಲ್ಲ, ಆದರೆ ಪತ್ನಿಗೆ ತಿಳಿಸದೆ ಕಳುಹಿಸುವಂತಿಲ್ಲ. ವಾರದಲ್ಲಿ ಮೂರು ಬೆಳಗು ಬರವಣಿಗೆಗೆ, ಉಳಿದ ಮೂರು ಬೆಳಗಿನ ಅಡುಗೆಮನೆ ಮತ್ತು ಮಗಳು ಸಂಪೂರ್ಣ ಅವರ ಹೊಣೆ; ಭಾನುವಾರ ಮಧ್ಯಾಹ್ನ ಎರಡು ಗಂಟೆ ಮತ್ತೆ ಬರವಣಿಗೆಗೆ. ಸ್ಕ್ರೀನ್‌ಶಾಟ್‌ಗಳನ್ನು ಮಾತ್ರ ನನ್ನೆದುರೇ ತೆಗೆಯಲು ಹೇಳಿದೆ. ಹಸ್ತಪ್ರತಿಯನ್ನು ಹೆಂಡತಿಗೆ ಓದಲು ಕೊಟ್ಟು ಮೆಚ್ಚುಗೆಯನ್ನು ಬೇಡುವುದರ ಬದಲು ಭೌತಶಾಸ್ತ್ರ ಬಲ್ಲ ಒಬ್ಬರಿಗೂ ಕಾದಂಬರಿ ಓದುವ ಅಭ್ಯಾಸವಿರುವ ಇನ್ನೊಬ್ಬರಿಗೂ ಕೊಡುವಂತೆ ಸೂಚಿಸಿದೆ. ಕಚೇರಿಯ ಅವಮಾನಕ್ಕೆ ಕಚೇರಿಯಲ್ಲೇ ದಾರಿ ಹುಡುಕಬೇಕೆಂದೂ, ಬೇರೆ ತಂಡಕ್ಕೆ ವರ್ಗ ಕೇಳಿ ಲಿಖಿತ ಮನವಿ ಕೊಡಬೇಕೆಂದೂ ಹೇಳಿದೆ.

ಐದು ತಿಂಗಳಾಯಿತು. ತಂಡ ಬದಲಾಗಿದೆ, ಬಡ್ತಿ ಬಂದಿಲ್ಲ. ಭೌತಶಾಸ್ತ್ರದ ಉಪನ್ಯಾಸಕರೊಬ್ಬರು ಕಥೆಯ ಬಾಹ್ಯಾಕಾಶ ನೌಕೆಗೆ ಬೇಕಾಗುವ ಇಂಧನದ ಲೆಕ್ಕ ಕೇಳಿದ್ದರಿಂದ 212 ಪುಟ 160ಕ್ಕೆ ಇಳಿದಿದೆ. ಪತಿಗೆ ಅದು ಸಿಟ್ಟು ತರಿಸಿತು, ಒಂದು ವಾರ ಏನೂ ಬರೆಯಲಿಲ್ಲ. ಎರಡು ಸಲ ಒಪ್ಪಂದ ಮುರಿದು ಅಡುಗೆಮನೆಯ ಬೆಳಗಿನಲ್ಲೂ ಬರೆಯಲು ಕೂತರಂತೆ, ಜಗಳವಾಯಿತಂತೆ. ಜಡೆ ಇನ್ನೂ ವಾರೆಯಾಗಿಯೇ ಬರುತ್ತದೆಂದು ಪತ್ನಿ ದೂರಿದರು. ರಾಜೀನಾಮೆಯ ಮೇಲ್ ಈಗಲೂ ಡ್ರಾಫ್ಟ್‌ನಲ್ಲಿದೆ. ತೆಗೆದುಹಾಕಿ ಎಂದು ನಾನು ಹೇಳಿಲ್ಲ, ಆಕೆಯೂ ಹೇಳಿಲ್ಲ.