ಸೈಕಲ್ ದಾರಿಯಲ್ಲಿ ಸೇತುವೆ ತಲೆಗೆ ತಾಗುವಷ್ಟು ಕೆಳಗಿದ್ದರೆ ಬಗ್ಗಿ ಹೋಗಬಹುದಾ, ಇಳಿಯಲೇಬೇಕಾ?

ದಿನಾ ಹೋಗುವ ದಾರಿ, ಎಲ್ಲರೂ ಬಗ್ಗಿಕೊಂಡು ನುಗ್ಗುತ್ತಾರೆ, ನಾನೊಬ್ಬನೇ ಇಳಿದು ತಳ್ಳಿದರೆ ನಗ್ತಾರೇನೋ ಅಂತ ಕೇಳಿದ್ದೀರಿ. ನಗಲಿ ಬಿಡಿ. ನಾನೂ ಒಂದು ವರ್ಷಕ್ಕಿಂತ ಜಾಸ್ತಿ ಹಾಗೇ ನುಗ್ಗುತ್ತಿದ್ದವನು, ಈಗ ಇಳಿಯುತ್ತೇನೆ.

ನನಗೆ ಏಟು ಬಿದ್ದಿದ್ದು ಒಳಗೆ ಹೋಗುವಾಗ ಅಲ್ಲ, ಹೊರಗೆ ಬರುವಾಗ. ಒಳಗೆ ಹೋಗುವಾಗ ಎದುರಿಗೆ ತೊಲೆ ಕಾಣುತ್ತದೆ, ಭಯಕ್ಕೇ ತಲೆ ತಗ್ಗುತ್ತದೆ. ಆದರೆ ಪೂರ್ತಿ ಬಗ್ಗಿದ ಮೇಲೆ ಕಾಣುವುದು ಮುಂದಿನ ಚಕ್ರ ಮಾತ್ರ, ಮಿಕ್ಕಿದ್ದನ್ನೆಲ್ಲ ಹೆಲ್ಮೆಟ್ಟಿನ ಅಂಚು ಮುಚ್ಚಿಬಿಡುತ್ತದೆ. ಚಕ್ರದ ಮೇಲೆ ಬಿಸಿಲು ಬಿತ್ತು, ಸರಿ ದಾಟಿದೆ ಅಂದುಕೊಂಡು ತಲೆ ಎತ್ತಿದೆ. ಚಕ್ರ ದಾಟಿತ್ತು, ತಲೆ ಇನ್ನೂ ಒಳಗೇ ಇತ್ತು! ಟಪ್ ಅಂತ ಸದ್ದು. ಹೆಲ್ಮೆಟ್ ಸೀಳಿತು, ತಲೆಗೇನೂ ಆಗಲಿಲ್ಲ, ಕತ್ತು ಮಾತ್ರ ಒಂದು ವಾರ ತಿರುಗಲಿಲ್ಲ.

ಇನ್ನೊಂದು, ನಿಂತಾಗ ತಲೆಗೆ ತಾಗಲ್ಲ ಅಂದರೆ ಸೈಕಲ್ ಮೇಲೂ ತಾಗಲ್ಲ ಅಂತ ಲೆಕ್ಕ ಹಾಕಬೇಡಿ. ಪೆಡಲ್ ಪೂರ್ತಿ ಕೆಳಗೆ ಬಂದಾಗಲೂ ನೆಲದಿಂದ ನಾಲ್ಕೈದು ಇಂಚು ಮೇಲಿರುತ್ತದೆ, ಹಾಗಾಗಿ ಸೀಟು ಸರಿಯಾದ ಎತ್ತರದಲ್ಲಿದ್ದು ನೇರ ಕೂತರೆ ನಿಂತಿದ್ದಕ್ಕಿಂತ ತುಸು ಎತ್ತರವೇ ಆಗುತ್ತೀರಿ, ಹೆಲ್ಮೆಟ್ಟಿನ ದಪ್ಪ ಬೇರೆ. ಬೆನ್ನಿಗೆ ಬ್ಯಾಗ್ ಇದ್ದರಂತೂ ಬಗ್ಗಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಅದೇ. ಅಮೆರಿಕದ ರಸ್ತೆ ಮಾರ್ಗಸೂಚಿಯಲ್ಲಿ ಸೈಕಲ್ ದಾರಿಯ ಮೇಲೆ ಕನಿಷ್ಠ 8 ಅಡಿ, ಸಾಧ್ಯವಾದರೆ 10 ಅಡಿ ಜಾಗ ಬಿಡಿ ಅನ್ನುವುದು ಸುಮ್ನೆ ಅಲ್ಲ.

ಇಂಗ್ಲೆಂಡಿನ ಹಳೇ ಕಾಲುವೆ ದಾರಿಗಳಲ್ಲಿ ಇದು ಇನ್ನೂ ಫಜೀತಿ. ದೋಣಿ ಎಳೆಯುವ ಕುದುರೆ ನಡೆಯಲಿ ಅಂತ ಮಾಡಿದ ದಾರಿಗಳವು. ಸೇತುವೆ ಕಮಾನಿನದು, ಎತ್ತರವೆಲ್ಲ ನೀರಿನ ಮೇಲೆ, ದಾರಿ ಇರುವ ಅಂಚಿನಲ್ಲಿ ಕಲ್ಲು ಇಳಿದು ಬರುತ್ತದೆ. ತಲೆ ಉಳಿಸಿಕೊಳ್ಳೋಣ ಅಂತ ಪಕ್ಕಕ್ಕೆ ಸರಿದರೆ ಕಾಲುವೆಯೊಳಗೆ. ಅದರ ಮೇಲೆ ಎಷ್ಟೋ ಕಡೆ ಎದುರಿನಿಂದ ಬರುವವರು ಕಾಣುವುದೇ ಇಲ್ಲ.

ಬಗ್ಗಿಯೇ ಹೋಗ್ತೀನಿ ಅಂದರೆ ಮೊದಲು ಒಂದು ಸಲ ನಡೆದುಕೊಂಡು ದಾಟಿ. ಎಲ್ಲಿ ತೊಲೆ ಇದೆ, ನೆಲ ಎಲ್ಲಿ ಉಬ್ಬಿದೆ, ನೀರು ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ. ಬಿಸಿಲಿಂದ ಒಮ್ಮೆಗೇ ಕತ್ತಲಿಗೆ ಹೋದಾಗ ಕಣ್ಣಿಗೆ ಏನೂ ಕಾಣಲ್ಲ, ಅಲ್ವಾ? ಗಂಟೆಗೆ 20 ಕಿಲೋಮೀಟರ್ ವೇಗ ಅಂದರೆ ಒಂದು ಸೆಕೆಂಡಿಗೆ ಐದೂವರೆ ಮೀಟರ್, ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಸಣ್ಣ ಸೇತುವೆ ಮುಗಿದೇ ಹೋಗಿರುತ್ತದೆ. ಅದಕ್ಕೇ ಮೊದಲೇ ನಿಧಾನ ಮಾಡಿ, ಬೆಲ್ ಹೊಡೆಯಿರಿ, ಬ್ರೇಕ್ ಮೇಲೆ ಬೆರಳಿರಲಿ. ಬಗ್ಗುವಾಗ ಕತ್ತು ಒಂದನ್ನೇ ತಗ್ಗಿಸಬೇಡಿ, ಮೊಣಕೈ ಮಡಿಸಿ ಇಡೀ ಮೈಯನ್ನು ಹ್ಯಾಂಡಲ್ ಹತ್ತಿರ ತನ್ನಿ, ಆಗ ಮುಂದೆ ಸ್ವಲ್ಪವಾದರೂ ಕಾಣುತ್ತದೆ. ಹಿಂದಿನ ಚಕ್ರ ಹೊರಬಂತು ಅನ್ನಿಸಿದ ಮೇಲೂ ಎರಡು ಎಣಿಸಿ ಆಮೇಲೆ ತಲೆ ಎತ್ತಿ.

ಹಿಂದೆ ಮಗು ಕೂತಿದ್ದರಂತೂ ಇಳಿದೇಬಿಡಿ. ನೀವು ಬಗ್ಗುತ್ತೀರಿ, ಅದು ಬಗ್ಗಲ್ಲ.